ತಿದ್ದಬೇಕಾ, ಮತ್ತೆ ಹೋಗಬೇಕಾ, ಹಾಗೇ ಬಿಡಬೇಕಾ?



ನಮ್ಮ ಕಾಲೇಜಿನಲ್ಲಿ ಯಾರ ಫೋನ್ ತೆಗೆದು ನೋಡಿದರೂ ಗ್ಯಾಲರಿಯಲ್ಲಿ ಮೂರು ಊರು ಇದ್ದೇ ಇರುತ್ತವೆ: ಹಂಪಿ, ಸಂಡೂರು, ಕಂಪ್ಲಿ. ಹೊಸಪೇಟೆಯಿಂದ ಹಂಪಿ 13 ಕಿ.ಮೀ., ಉಳಿದ ಎರಡೂ ಸುಮಾರು 30 ಕಿ.ಮೀ. ಬೈಕಿಗೆ ನೂರು ರೂಪಾಯಿ ಪೆಟ್ರೋಲ್ ಹಾಕಿಸಿದರೆ ಹೋಗಿ ಬರಬಹುದು. ಹಾಗಾಗಿ ಫೋಟೋಗಳಿಗೆ ಬರ ಇಲ್ಲ. ಆದರೆ ಅವುಗಳಲ್ಲಿ ಮುಕ್ಕಾಲು ಭಾಗ "ಚೆನ್ನಾಗಿದೆ, ಆದರೆ..." ಅನ್ನೋ ಜಾತಿಯವು. ಚೆನ್ನಾಗಿದೆ, ಆದರೆ ಆಕಾಶ ಬಿಳಿ ಆಗಿದೆ. ಚೆನ್ನಾಗಿದೆ, ಆದರೆ ಸ್ವಲ್ಪ ಓರೆ. ಚೆನ್ನಾಗಿದೆ, ಆದರೆ ಅಲುಗಾಡಿದೆ.

ಇಂಥ ಫೋಟೋ ಸಿಕ್ಕ ತಕ್ಷಣ ನಾವೆಲ್ಲ ಮಾಡುವುದು ಒಂದೇ: ಸ್ನ್ಯಾಪ್‌ಸೀಡ್ ಅಥವಾ ಲೈಟ್‌ರೂಮ್ ತೆಗೆದು ಬೆರಳಿಗೆ ಬಂದ ಸ್ಲೈಡರ್ ಎಳೆಯೋದು. ಒಂದು ಗಂಟೆ ಕಳೆದ ಮೇಲೆ ಫೋಟೋ ಮೊದಲಿಗಿಂತ ಕೆಟ್ಟಿರುತ್ತದೆ, ಅಥವಾ ಹಂಪಿ ಹೋಗಿ ಮಂಗಳ ಗ್ರಹ ಆಗಿರುತ್ತದೆ. ಈ ಪಾಠ ಸ್ಲೈಡರ್‌ಗಳ ಬಗ್ಗೆ ಅಲ್ಲ. ಆಪ್ ತೆಗೆಯುವ ಮುಂಚೆ ಮಾಡಬೇಕಾದ ತೀರ್ಮಾನದ ಬಗ್ಗೆ: ಈ ದೋಷವಿರುವ ಫೋಟೋ ತಿದ್ದೋಕೆ ಲಾಯಕ್ಕಾ, ಇಲ್ವಾ?

ಉತ್ತರಗಳು ಮೂರೇ. ತಿದ್ದು. ಮತ್ತೆ ಹೋಗಿ ತೆಗಿ. ಹಾಗೇ ಇಟ್ಟುಕೋ. ಯಾವುದು ಅಂತ ತಿಳಿಯೋಕೆ ನಾಲ್ಕು ಪ್ರಶ್ನೆ ಸಾಕು. ಆದರೆ ಕ್ರಮ ತಪ್ಪಿಸಬಾರದು, ಯಾಕಂದ್ರೆ ಮೊದಲನೆಯದರಲ್ಲಿ ಬಿದ್ದ ಫೋಟೋಗೆ ಮುಂದಿನ ಪ್ರಶ್ನೆಗಳು ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ.

ಪ್ರಶ್ನೆ 1: ಇದರಲ್ಲಿ ಏನಿದೆ?

ಫೋಟೋವನ್ನು ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಕಣ್ಣು ಒಂದು ಕಡೆ ಹೋಗಿ ನಿಲ್ಲುತ್ತದಾ? ನಿಂತರೆ ಫೋಟೋಗೆ ವಿಷಯ ಇದೆ. ನಿಲ್ಲದಿದ್ದರೆ ಬಣ್ಣ ಎಷ್ಟು ಹೆಚ್ಚಿಸಿದರೂ ಪ್ರಯೋಜನ ಇಲ್ಲ.

ಹೇಮಕೂಟದ ಮೇಲೆ ನಿಂತು ತೆಗೆದ ಬಹಳ ಫೋಟೋಗಳ ಸಮಸ್ಯೆ ಇದೇ. ಅಲ್ಲಿ ನಿಂತಾಗ ಸುತ್ತ ಬಂಡೆ, ಗುಡಿ, ಗಾಳಿ, ದೂರದಲ್ಲಿ ವಿರೂಪಾಕ್ಷನ ಗೋಪುರ, ಎಲ್ಲ ಸೇರಿ ಮನಸ್ಸು ತುಂಬಿರುತ್ತದೆ. ಕ್ಯಾಮೆರಾಗೆ ಗಾಳಿ ಗೊತ್ತಿಲ್ಲ. ಅದು ಬಂಡೆ, ಬಂಡೆ, ಇನ್ನೊಂದು ಬಂಡೆ ಅಂತ ಬರೆದುಕೊಂಡಿರುತ್ತದೆ, ಅಷ್ಟೇ. ಅದನ್ನು ನೋಡಿದಾಗ ತೆಗೆದವರಿಗೆ ಆ ಸಂಜೆ ನೆನಪಾಗುತ್ತದೆ, ಬೇರೆಯವರಿಗೆ ಏನೂ ಆಗಲ್ಲ. ನೆನಪಿಗೆ ಇಟ್ಟುಕೊಳ್ಳಿ, ತಿದ್ದೋಕೆ ಕೂರಬೇಡಿ.

ಬೆಳಕಿನ ದಿಕ್ಕೂ ಇದೇ ಪ್ರಶ್ನೆಗೆ ಸೇರುತ್ತದೆ. ಮಟ ಮಟ ಮಧ್ಯಾಹ್ನ ತೆಗೆದ ವಿಜಯ ವಿಠ್ಠಲದ ಕಂಬಗಳ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಯಾಕಂದ್ರೆ ಉಬ್ಬು ತಗ್ಗು ತೋರಿಸುವುದು ನೆರಳು. ಹಂಪಿ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದಲ್ಲಿ ಮತ್ತೆ ಆಗಸ್ಟ್ 10ರ ಆಸುಪಾಸಿನಲ್ಲಿ, ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ಮಧ್ಯಾಹ್ನ ಸುಮಾರು 12.20ಕ್ಕೆ ನಿಂತ ಕಂಬಕ್ಕೆ ನೆರಳೇ ಇರಲ್ಲ. ಕಾಂಟ್ರಾಸ್ಟ್ ಸ್ಲೈಡರ್ ಇರುವ ನೆರಳನ್ನು ಗಾಢ ಮಾಡಬಹುದು, ಇಲ್ಲದ ನೆರಳನ್ನು ಪಕ್ಕಕ್ಕೆ ಬೀಳಿಸೋಕೆ ಆಗಲ್ಲ. ಇಂಥ ಫೋಟೋಗೆ ಮದ್ದು ಎಡಿಟಿಂಗ್ ಅಲ್ಲ, ಬೆಳಗಿನ ಬಸ್ಸು.

ಪ್ರಶ್ನೆ 2: ಬೇಕಾದ ಮಾಹಿತಿ ಫೈಲ್‌ನಲ್ಲಿ ಉಳಿದಿದೆಯಾ?

ಇದು ನಮ್ಮಂಥ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಇಷ್ಟವಾಗುವ ಪ್ರಶ್ನೆ. ಇಲ್ಲಿ ಅಭಿರುಚಿಗಿಂತ ಲೆಕ್ಕಕ್ಕೆ ಬೆಲೆ ಹೆಚ್ಚು. ಸಾಮಾನ್ಯವಾಗಿ ಬರುವ ದೋಷಗಳನ್ನು ಒಂದೊಂದಾಗಿ ನೋಡೋಣ.

ಬಿಳಿಯಾದ ಆಕಾಶ. ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತಿ ಸೂರ್ಯ ಹುಟ್ಟುವ ಕಡೆಗೇ ಕ್ಯಾಮೆರಾ ಹಿಡಿದರೆ ಎರಡರಲ್ಲಿ ಒಂದು ಗ್ಯಾರಂಟಿ: ಆಕಾಶ ಸುಟ್ಟು ಬಿಳಿಯಾಗುತ್ತದೆ, ಇಲ್ಲಾ ಕೆಳಗಿನ ಬಂಡೆ, ಬಾಳೆತೋಟ ಎಲ್ಲ ಕಪ್ಪಾಗುತ್ತದೆ. ಎರಡೂ ದೋಷವೇ, ಆದರೆ ಎರಡೂ ಸಮ ಅಲ್ಲ. ಜೆಪೆಗ್ ಫೈಲ್‌ನಲ್ಲಿ ಪ್ರತಿ ಬಣ್ಣಕ್ಕೆ 0ಯಿಂದ 255ರವರೆಗೆ 256 ಮೆಟ್ಟಿಲು. ಬೆಳಕು ಜಾಸ್ತಿಯಾಗಿ 255 ಮುಟ್ಟಿದ ಮೇಲೆ ಅಲ್ಲಿ ಮೋಡ ಇತ್ತೋ ಹಕ್ಕಿ ಇತ್ತೋ, ಎಲ್ಲದಕ್ಕೂ 255 ಅಂತಲೇ ದಾಖಲೆ. ಇಸಿ ಬ್ರಾಂಚ್‌ನವರಿಗೆ ಹೇಳೋದಾದರೆ ಎಡಿಸಿ ಸ್ಯಾಚುರೇಟ್ ಆದ ಹಾಗೆ. ಲೋಟ ತುಂಬಿ ಚೆಲ್ಲಿದ ಮೇಲೆ ಎಷ್ಟು ಚೆಲ್ಲಿತು ಅಂತ ಲೋಟವನ್ನು ಕೇಳಿದರೆ ಅದಕ್ಕೆ ಗೊತ್ತಿರಲ್ಲ.

ಪರೀಕ್ಷೆ ಸುಲಭ. ಹೈಲೈಟ್ಸ್ ಸ್ಲೈಡರನ್ನು ಕೊನೆಯವರೆಗೆ ಕೆಳಗೆ ಎಳೆಯಿರಿ. ಮೋಡದ ಅಂಚು ಕಾಣಿಸಿಕೊಂಡರೆ ಮಾಹಿತಿ ಇದೆ. ಬಿಳಿ ಹೋಗಿ ಬರೀ ಬೂದಿ ಬಣ್ಣ ಬಂದರೆ ಇಲ್ಲ, ಬಿಟ್ಟುಬಿಡಿ. ರಾ ಫೈಲ್ ಇದ್ದರೆ ಆಸೆ ಇಟ್ಟುಕೊಳ್ಳಬಹುದು: 12 ಬಿಟ್ ರಾ ಫೈಲ್‌ನಲ್ಲಿ 4096 ಮೆಟ್ಟಿಲು, 14 ಬಿಟ್‌ನಲ್ಲಿ 16384. ಈಗ ಬಹಳ ಫೋನ್‌ಗಳ ಪ್ರೋ ಮೋಡ್‌ನಲ್ಲಿ ರಾ ತೆಗೆಯುವ ಅವಕಾಶ ಇದೆ. ಬೆಟ್ಟ ಹತ್ತುವ ಮುಂಚೆ ಅದನ್ನು ಆನ್ ಮಾಡಿಕೊಳ್ಳಿ.

ಕಪ್ಪಾದ ನೆಲ. ಇದು ಬಿಳಿ ಆಕಾಶಕ್ಕಿಂತ ವಾಸಿ, ಕತ್ತಲಲ್ಲಿ ಸ್ವಲ್ಪವಾದರೂ ಏನೋ ಉಳಿದಿರುತ್ತದೆ. ಆದರೆ ಶ್ಯಾಡೋಸ್ ಎತ್ತಿದಾಗ ಚುಕ್ಕೆ ಚುಕ್ಕೆ ನಾಯ್ಸ್ ಬರುತ್ತದೆ. ಕಾರಣ ಸರಳ. ಬೆಳಕು ಫೋಟಾನ್‌ಗಳಾಗಿ ಬರುತ್ತದೆ, ಸಿಗ್ನಲ್ ಮತ್ತು ನಾಯ್ಸ್‌ನ ಅನುಪಾತ ಫೋಟಾನ್ ಸಂಖ್ಯೆಯ ವರ್ಗಮೂಲದಷ್ಟು ಇರುತ್ತದೆ. ಒಂದು ಪಿಕ್ಸೆಲ್‌ಗೆ 10,000 ಫೋಟಾನ್ ಬಿದ್ದಿದ್ದರೆ ಅನುಪಾತ 100. ಬರೀ 100 ಬಿದ್ದಿದ್ದರೆ ಅನುಪಾತ 10. ಆಮೇಲೆ ಎಷ್ಟು ಬೆಳಗಿಸಿದರೂ ಸಿಗ್ನಲ್ ಜೊತೆಗೆ ನಾಯ್ಸ್ ಕೂಡ ಬೆಳೆಯುತ್ತದೆ, ಅನುಪಾತ ಬದಲಾಗಲ್ಲ. ಅದಕ್ಕೇ ತೀರ್ಮಾನ ಹೀಗೆ: ಕಪ್ಪಾದ ಭಾಗ ಫೋಟೋದ ಮುಖ್ಯ ವಿಷಯವಾಗಿದ್ದರೆ ತಿದ್ದುವುದು ಕಷ್ಟ. ಅದು ಬರೀ ಮುನ್ನೆಲೆಯಾಗಿದ್ದರೆ ಅರ್ಧಂಬರ್ಧ ಎತ್ತಿ, ಉಳಿದದ್ದು ಕತ್ತಲಾಗಿಯೇ ಇರಲಿ. ಸೂರ್ಯೋದಯದಲ್ಲಿ ನೆಲ ಕತ್ತಲಾಗಿರುವುದು ಸಹಜ ಅಲ್ವಾ?

ಅಲುಗಾಟ ಮತ್ತು ಫೋಕಸ್. ಫೋಟೋವನ್ನು 100% ಗಾತ್ರಕ್ಕೆ ಹಿಗ್ಗಿಸಿ. ಎಲ್ಲ ಚುಕ್ಕೆಗಳೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಕೈ ಅಲುಗಾಡಿದೆ. ಎಲೆ ಮಾತ್ರ ಎಳೆದಿದ್ದು ಬಂಡೆ ಸ್ಪಷ್ಟ ಇದ್ದರೆ ಗಾಳಿ ಬೀಸಿದೆ. ಅದು ದೋಷವೇ ಅಲ್ಲ. ಗುಡಿ ಮಸುಕಾಗಿ ಮುಂದಿನ ಹುಲ್ಲು ಸ್ಪಷ್ಟ ಇದ್ದರೆ ಫೋಕಸ್ ತಪ್ಪಿದ ಜಾಗಕ್ಕೆ ಬಿದ್ದಿದೆ. ಸ್ವಲ್ಪ ಅಲುಗಾಟ ಇದ್ದರೆ ಫೋಟೋವನ್ನು ಚಿಕ್ಕದು ಮಾಡಿದಾಗ ಮರೆಯಾಗುತ್ತದೆ, ವಾಟ್ಸಾಪ್ ಸ್ಟೇಟಸ್‌ಗೆ ಸಾಕು, ಗೋಡೆಗೆ ಸಾಲದು. ಜೋರಾದ ಅಲುಗಾಟಕ್ಕೆ ಮತ್ತೆ ಹೋಗುವುದೇ ಸರಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹಾಕೋಕೆ ಅನುಮತಿ ಬೇಕು, ಹಾಗಾಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಎದೆಗೆ ಒತ್ತಿಕೊಂಡು, ಎರಡು ಸೆಕೆಂಡ್ ಟೈಮರ್ ಹಾಕಿ.

ಇಲ್ಲೊಂದು ಎಚ್ಚರಿಕೆ. ಈಗಿನ ಎಐ ಶಾರ್ಪನ್ ಆಪ್‌ಗಳು ಮಸುಕಾದ ಕಲ್ಲನ್ನೂ ಸ್ಪಷ್ಟ ಮಾಡಿ ಕೊಡುತ್ತವೆ. ಆದರೆ ಅವು ಕಳೆದುಹೋದ ವಿವರವನ್ನು ಹುಡುಕಿ ತರುವುದಿಲ್ಲ, ಹೀಗಿರಬಹುದು ಅಂತ ಊಹಿಸಿ ಬರೆಯುತ್ತವೆ. ಮರದ ಎಲೆಗೆ ಊಹೆ ನಡೆಯುತ್ತದೆ. ಹಜಾರ ರಾಮನ ಗುಡಿಯ ಗೋಡೆಯ ರಾಮಾಯಣದ ಉಬ್ಬುಶಿಲ್ಪಕ್ಕೆ ನಡೆಯಲ್ಲ. ಶಿಲ್ಪಿ ಕೊಡದ ಮೂಗು ಆಪ್ ಕೊಟ್ಟರೆ ಅದು ಹಂಪಿಯ ಫೋಟೋ ಆಗಿ ಉಳಿಯಲ್ಲ.

ಮಬ್ಬು. ಚಳಿಗಾಲದ ಬೆಳಿಗ್ಗೆ ಕಂಪ್ಲಿ ಕಡೆಯ ಭತ್ತದ ಗದ್ದೆಗಳ ಮೇಲೆ ಮಂಜು, ಹೊಗೆ, ಧೂಳು ಸೇರಿ ಪರದೆ ಹಿಡಿದಂತೆ ಇರುತ್ತದೆ. ಇದಕ್ಕೆ ಒಂದು ಸರಳ ಸಮೀಕರಣ ಇದೆ:

ಕ್ಯಾಮೆರಾಗೆ ಕಂಡದ್ದು = ವಸ್ತುವಿನಿಂದ ಬಂದ ಬೆಳಕು × ಪಾರಕತೆ + ಗಾಳಿಯ ಬೆಳಕು × (1 − ಪಾರಕತೆ)

ಪಾರಕತೆ ಅಂದರೆ ವಸ್ತುವಿನ ಬೆಳಕಿನಲ್ಲಿ ಎಷ್ಟು ಪಾಲು ಮಬ್ಬನ್ನು ದಾಟಿ ನಮ್ಮವರೆಗೆ ಬಂತು ಅನ್ನೋದು. ಡಿಹೇಜ್ ಸ್ಲೈಡರ್ ಮಾಡುವ ಕೆಲಸ ಇದನ್ನು ಹಿಂದೆ ತಿರುಗಿಸುವುದು: ಗಾಳಿಯ ಬೆಳಕನ್ನು ಕಳೆದು, ಉಳಿದದ್ದನ್ನು ಪಾರಕತೆಯಿಂದ ಭಾಗಿಸುವುದು. ಪಾರಕತೆ 0.5 ಇದ್ದರೆ ನಾಯ್ಸ್ 2 ಪಟ್ಟಾಗುತ್ತದೆ, ಪರವಾಗಿಲ್ಲ. 0.1 ಇದ್ದರೆ 10 ಪಟ್ಟಾಗುತ್ತದೆ, ಗದ್ದೆ ಬದಲು ಮರಳು ಕಾಣುತ್ತದೆ. ಅಂದರೆ ಹತ್ತಿರದ ಬದು, ತೆಂಗಿನ ಮರ ತಿದ್ದಬಹುದು, ದೂರದ ಬೆಟ್ಟ ತಿದ್ದಲಾಗದು. ಇನ್ನೊಂದು ಮಾತು: ಕಂಪ್ಲಿಯ ಗದ್ದೆಗೆ ಆ ಮಬ್ಬೇ ಚೆಂದ. ಮುಂದಿನ ಸಾಲು ಗಾಢ, ಹಿಂದಿನದು ತಿಳಿ, ಅದರ ಹಿಂದಿನದು ಇನ್ನೂ ತಿಳಿ, ಹೀಗೆ ದೂರ ತೋರಿಸುವುದೇ ಮಬ್ಬು. ಪೂರ್ತಿ ತೆಗೆದುಬಿಟ್ಟರೆ ಗದ್ದೆ ಕ್ಯಾಲೆಂಡರ್ ಚಿತ್ರ ಆಗುತ್ತದೆ.

ಬಣ್ಣ. ಸಂಡೂರಿಗೆ ಹೋದವರಿಗೆ ಗೊತ್ತು, ಅಲ್ಲಿ ರಸ್ತೆ ಕೆಂಪು, ಮರದ ಎಲೆ ಕೆಂಪು, ಬಿಳಿ ಅಂಗಿ ಹಾಕಿಕೊಂಡು ಹೋದರೆ ವಾಪಸ್ ಬರುವಾಗ ಅದೂ ಕೆಂಪು. ಕಬ್ಬಿಣದ ಅದಿರಿನ ಮಣ್ಣು. ಆದರೆ ಫೋಟೋದಲ್ಲಿ ಅದು ಸಪ್ಪೆ ಕಂದು ಆಗಿರುತ್ತದೆ. ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್‌ನ ಹಳೆಯ, ಸರಳ ವಿಧಾನವೊಂದು ಲೋಕದ ಎಲ್ಲ ಬಣ್ಣ ಕೂಡಿಸಿ ಸರಾಸರಿ ತೆಗೆದರೆ ಬೂದಿ ಬರಬೇಕು ಅಂತ ನಂಬುತ್ತದೆ. ಚಿತ್ರದ ತುಂಬ ಕೆಂಪು ಮಣ್ಣೇ ಇದ್ದರೆ ಅದು ದೀಪದ ಬಣ್ಣ ಅಂದುಕೊಂಡು ಕೆಂಪನ್ನು ಕಡಿಮೆ ಮಾಡುತ್ತದೆ. ಈಗಿನ ಕ್ಯಾಮೆರಾಗಳು ಇನ್ನಷ್ಟು ಜಾಣ, ಆದರೂ ಎಡವುತ್ತವೆ. ಒಳ್ಳೆ ಸುದ್ದಿ ಏನಂದ್ರೆ ಇದು ತಿದ್ದೋಕೆ ಅತ್ಯಂತ ಸುಲಭವಾದ ದೋಷ. ರಾ ಇದ್ದರೆ ನಷ್ಟವೇ ಇಲ್ಲ, ಜೆಪೆಗ್ ಇದ್ದರೂ ಸ್ವಲ್ಪ ಮಟ್ಟಿಗೆ ಆಗುತ್ತದೆ, ಎರಡು ನಿಮಿಷದ ಕೆಲಸ. ಬಣ್ಣ ಕೆಟ್ಟಿದೆ ಅನ್ನೋ ಒಂದೇ ಕಾರಣಕ್ಕೆ ಯಾವ ಫೋಟೋವನ್ನೂ ಡಿಲೀಟ್ ಮಾಡಬೇಡಿ.

ಓರೆ ದಿಗಂತ. ತಿರುಗಿಸಿದರೆ ಸರಿಯಾಗುತ್ತದೆ, ಆದರೆ ಪುಕ್ಕಟೆ ಅಲ್ಲ. ತಿರುಗಿಸಿದಾಗ ಮೂಲೆಗಳು ಖಾಲಿ ಬೀಳುತ್ತವೆ, ಅವನ್ನು ಕತ್ತರಿಸಬೇಕು. 4:3 ಅಳತೆಯ ಫೋಟೋವನ್ನು ಅದೇ ಆಕಾರದಲ್ಲಿ ಉಳಿಸಿಕೊಂಡರೆ 1 ಡಿಗ್ರಿಗೆ ಸುಮಾರು 4.5% ಜಾಗ ಹೋಗುತ್ತದೆ, 3 ಡಿಗ್ರಿಗೆ ಸುಮಾರು 12%, 5 ಡಿಗ್ರಿಗೆ ಸುಮಾರು 19%. ಟಿ.ಬಿ. ಡ್ಯಾಂನ ಹಿನ್ನೀರು ಓರೆಯಾಗಿದ್ದರೆ ಕಣ್ಣಿಗೆ ಕೂಡಲೇ ಚುಚ್ಚುತ್ತದೆ, ನೀರು ಓರೆ ನಿಲ್ಲಲ್ಲವಲ್ಲ. ಅಂಚಿನಲ್ಲಿ ಮುಖ್ಯವಾದದ್ದು ಏನೂ ಇಲ್ಲದಿದ್ದರೆ ತಿರುಗಿಸಿ. ಗೋಪುರದ ಕಳಸ ಅಂಚಿಗೇ ತಾಗಿದ್ದರೆ ಕಳಸ ಹೋಗುತ್ತದೆ, ಯೋಚಿಸಿ.

ಕ್ರಾಪ್. ಇದೂ ಅದೇ ಲೆಕ್ಕ. 12 ಮೆಗಾಪಿಕ್ಸೆಲ್ ಫೋಟೋ ಅಂದರೆ 4000 × 3000. ಉದ್ದ ಅಗಲ ಎರಡನ್ನೂ ಅರ್ಧ ಮಾಡಿದರೆ ಉಳಿಯುವುದು 2000 × 1500, ಅಂದರೆ ಬರೀ 3 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕೆಯಂತೆ ಎ4 ಮುದ್ರಣಕ್ಕೆ 3508 × 2480 ಬೇಕು. ಇಂಚಿಗೆ 150 ಚುಕ್ಕೆಯಂತೆ ಎ3 ಗೋಡೆಚಿತ್ರ ಮಾಡಿ ಸ್ವಲ್ಪ ದೂರದಿಂದ ನೋಡುವುದಾದರೆ 2480 × 1754 ಸಾಕು. ರಾಜ್ಯೋತ್ಸವದ ಗೋಡೆಪತ್ರಿಕೆಗೆ ಫೋಟೋ ಕೊಡುವವರು ಈ ಅಂಕಿ ಬರೆದಿಟ್ಟುಕೊಳ್ಳಿ. ಹಾಗೇ ದಯವಿಟ್ಟು ವಾಟ್ಸಾಪ್‌ನಲ್ಲಿ ಬಂದ ಪ್ರತಿಯನ್ನು ತಿದ್ದೋಕೆ ಕೂರಬೇಡಿ. ಅದು ಕಳಿಸುವಾಗಲೇ ಫೋಟೋವನ್ನು ಕುಗ್ಗಿಸಿರುತ್ತದೆ. ಮೂಲ ಫೈಲ್ ಕೇಳಿ ತರಿಸಿಕೊಳ್ಳಿ.

ಪ್ರಶ್ನೆ 3: ಮತ್ತೆ ಹೋಗಿ ತೆಗೆಯಬಹುದಾ?

ಫೋಟೋಗ್ರಫಿ ಪಾಠ ಹೇಳುವ ವಿಡಿಯೋಗಳು ಈ ಪ್ರಶ್ನೆಯನ್ನು ಅಷ್ಟಾಗಿ ಕೇಳಲ್ಲ. ಅವನ್ನು ನೋಡುವ ಬಹಳ ಜನಕ್ಕೆ ಹಂಪಿ ಅಂದರೆ ಜೀವನದಲ್ಲಿ ಒಂದು ಸಲ ಬರುವ ಪ್ರವಾಸ. ಅವರಿಗೆ ಇರುವ ಒಂದೇ ಫೋಟೋವನ್ನು ಹೇಗಾದರೂ ಉಳಿಸಿಕೊಳ್ಳಬೇಕು. ನಮ್ಮದು ಹಾಗಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಆದರೆ ಫೋಟೋ ವಿಷಯದಲ್ಲಿ ಹಿತ್ತಲಲ್ಲಿ ಇರುವುದೇ ಮದ್ದು. ಸುಟ್ಟ ಆಕಾಶದ ಜೊತೆ ಎರಡು ಗಂಟೆ ಗುದ್ದಾಡುವ ಬದಲು ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದರೆ ಅದೇ ಎರಡು ಗಂಟೆಯಲ್ಲಿ ಮಾತಂಗದ ಮೇಲೆ ಇರುತ್ತೀರಿ. ಸೂರ್ಯನ ಕಡೆ ತೆಗೆದದ್ದು ಕೈಕೊಟ್ಟಿದ್ದರೆ ಈ ಸಲ ಬೆನ್ನು ಸೂರ್ಯನ ಕಡೆ ಮಾಡಿ ನಿಲ್ಲಿ. ವಿರೂಪಾಕ್ಷನ ಗೋಪುರ ಅಲ್ಲಿಂದ ಪಶ್ಚಿಮಕ್ಕಿದೆ. ಬೆಳಗಿನ ಬಿಸಿಲು ನೇರ ಅದರ ಮುಖಕ್ಕೆ ಬೀಳುತ್ತದೆ.

ಮತ್ತೆ ಹೋಗುವುದು ಅಂದರೆ ನಾಳೆಯೇ ಅಂತೇನೂ ಅಲ್ಲ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹುಟ್ಟುವ ಜಾಗ ಜೂನ್‌ನಿಂದ ಡಿಸೆಂಬರ್‌ಗೆ ದಿಗಂತದ ಮೇಲೆ ಸುಮಾರು 49 ಡಿಗ್ರಿ ಸರಿಯುತ್ತದೆ. ಸೂರ್ಯ ಇಂಥ ಬಂಡೆಯ ಪಕ್ಕದಲ್ಲೇ ಹುಟ್ಟಬೇಕು ಅಂದರೆ ತಿಂಗಳು ಕಾಯಬೇಕು. ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂತ ಗಾಂಧೀಜಿ ಹೇಳಿದ್ದರು ಅನ್ನೋ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಮಳೆ ಬಂದು ಬೆಟ್ಟ ಹಸಿರಾಗಿ, ಧೂಳು ಕೂತು, ನಾರಿಹಳ್ಳ ತುಂಬಿದ ಕಾಲ ಅದು. ಏಪ್ರಿಲ್‌ನಲ್ಲಿ ತೆಗೆದ ಒಣ ಕುಮಾರಸ್ವಾಮಿ ಬೆಟ್ಟಕ್ಕೆ ಆಪ್‌ನಲ್ಲಿ ಹಸಿರು ಬಳಿಯುವ ಬದಲು ಐದು ತಿಂಗಳು ಕಾಯಿರಿ. ಕೆಟ್ಟ ಫೋಟೋವನ್ನು ಆಗ ಟಿಪ್ಪಣಿಯಾಗಿ ಬಳಸಿ: ಎಲ್ಲಿ ನಿಂತಿದ್ದೆ, ಎಷ್ಟು ಗಂಟೆ, ಏನು ತಪ್ಪಾಗಿದೆ.

ಆದರೆ ಎಲ್ಲವೂ ಮತ್ತೆ ಸಿಗಲ್ಲ. ಬಂಡೆ ಅಲ್ಲೇ ಇರುತ್ತದೆ ಅಂದುಕೊಂಡವರಿಗೆ ನಮ್ಮೂರೇ ಪಾಠ ಹೇಳಿದೆ. 2009ರ ಜನವರಿಯಲ್ಲಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ ಕುಸಿಯಿತು. 2011ರ ಜುಲೈನಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ತೆರವು ಮಾಡಿದರು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ಎದುರಿನ ಸಾಲು ಮಂಟಪದ ಒಂದು ಭಾಗ ಬಿದ್ದುಹೋಯಿತು. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಸುಮಾರು ಒಂದು ವಾರ ಆ ಗೇಟಿನಿಂದ ನೀರು ನುಗ್ಗುತ್ತಲೇ ಇತ್ತು.

ಬಜಾರಿನ ಬೀದಿಯಲ್ಲಿ ಟೀ ಅಂಗಡಿ ಎದುರು ಯಾರೋ 2010ರಲ್ಲಿ ಹಳೆ ಫೋನಿನಲ್ಲಿ ತೆಗೆದ ಮಸುಕು ಫೋಟೋ ಇದೆ ಅಂದುಕೊಳ್ಳಿ. ಓರೆ, ಸುಟ್ಟ ಆಕಾಶ, ನಾಯ್ಸ್, ಎಲ್ಲ ಇದೆ. ಎರಡನೇ ಪ್ರಶ್ನೆಯಲ್ಲಿ ಅದು ಫೇಲ್. ಆದರೂ ಅದರ ಬೆಲೆ ನಿಮ್ಮ ಈ ವರ್ಷದ ಅತ್ಯುತ್ತಮ ಸೂರ್ಯಾಸ್ತಕ್ಕಿಂತ ಹೆಚ್ಚು, ಯಾಕಂದ್ರೆ ಸೂರ್ಯ ನಾಳೆಯೂ ಮುಳುಗುತ್ತಾನೆ. ಮತ್ತೆ ತೆಗೆಯಲಾಗದ್ದಕ್ಕೆ ಒಂದು ಗಂಟೆ ಕೊಡಬಹುದು, ಒಂದು ದಿನವೂ ಕೊಡಬಹುದು.

ಇದಕ್ಕೆ ಹೊರಗಿನ ದೊಡ್ಡ ಉದಾಹರಣೆ ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದ ಚಿತ್ರ. ಬಿಸಿಲು ಜಾರುತ್ತಿತ್ತು, ಅವಸರದಲ್ಲಿ ಬೆಳಕಿನ ಮೀಟರ್ ಕೈಗೆ ಸಿಗಲಿಲ್ಲ, ಚಂದ್ರನ ಪ್ರಕಾಶದ ಲೆಕ್ಕ ಹಿಡಿದು ಒಂದು ಸಲ ಕ್ಲಿಕ್ ಮಾಡಿದರು. ಎರಡನೆಯದಕ್ಕೆ ತಯಾರಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಆ ನೆಗೆಟಿವ್‌ನಿಂದ ಒಳ್ಳೆ ಪ್ರಿಂಟ್ ತೆಗೆಯುವುದು ಬಹಳ ಕಷ್ಟವಾಗಿತ್ತು. 1948ರಲ್ಲಿ ಅವರು ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕದಿಂದ ಗಾಢ ಮಾಡಿಕೊಂಡರು. ನಮ್ಮ ಪ್ರಶ್ನೆಗಳಲ್ಲಿ ಇಟ್ಟು ನೋಡಿ: ವಿಷಯ ಇತ್ತು. ಮಾಹಿತಿ ತೆಳುವಾಗಿತ್ತು, ಆದರೆ ಇತ್ತು. ಮತ್ತೆ ತೆಗೆಯುವ ದಾರಿ ಇರಲಿಲ್ಲ. ಏಳು ವರ್ಷ ಆದಮೇಲೂ ತಿದ್ದೋಕೆ ಕೂತದ್ದು ಸರಿಯೇ.

ಪ್ರಶ್ನೆ 4: ತಿದ್ದಿದ ಮೇಲೂ ಅದು ಅದೇ ಜಾಗವಾ?

ಸಂಡೂರಿನ ಬೆಟ್ಟದ ಒಂದು ಫೋಟೋ ಊಹಿಸಿಕೊಳ್ಳಿ. ಮುಂದೆ ಹಸಿರು ಕಾಡು, ಹಿಂದೆ ಮೋಡ, ಮಧ್ಯದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗಣಿಯ ಕೆಂಪು ಗಾಯ. ಈಗಿನ ಆಪ್‌ಗಳಲ್ಲಿ ಆ ಕೆಂಪಿನ ಸುತ್ತ ಬೆರಳಿನಿಂದ ಗೆರೆ ಎಳೆದರೆ ಸಾಕು, ಅಲ್ಲಿ ಕಾಡು ಬೆಳೆದುಬಿಡುತ್ತದೆ. ಫೋಟೋ ನಿಜವಾಗಲೂ ಚೆಂದ ಆಗುತ್ತದೆ, ಲೈಕ್ ಕೂಡ ಬರುತ್ತವೆ. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನೇ ನಿಲ್ಲಿಸುವಷ್ಟು ದೊಡ್ಡದಾಗಿದ್ದ ವಿಷಯ ಅದು, ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾಯಿತು. ಬೆಟ್ಟದಲ್ಲಿ ಅದು ಅಳಿಯೋಕೆ ಎಷ್ಟೋ ವರ್ಷ ಬೇಕು, ನಮ್ಮ ಫೋಟೋದಲ್ಲಿ ಎರಡು ಸೆಕೆಂಡ್. ಹಾಗೆ ಅಳಿಸಿದ ಫೋಟೋ ನೋಡಿದವರು ಸಂಡೂರಿನಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಅದು ತಿದ್ದುವಿಕೆ ಅಲ್ಲ, ಸುಳ್ಳು.

ಹಾಗಾದರೆ ಎಲ್ಲಿಯವರೆಗೆ ಸರಿ? ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ. ಬೆಳಕು, ಬಣ್ಣ, ಓರೆ, ಮಬ್ಬು ತಿದ್ದುವುದು ಸರಿ, ಅವು ಕ್ಯಾಮೆರಾದ ಮಿತಿ ಅಥವಾ ಆ ಕ್ಷಣದ ಹವೆ. ಯಾರೋ ಎಸೆದ ಚಿಪ್ಸ್ ಪೊಟ್ಟಣ ತೆಗೆಯುವುದು ಸರಿ, ಅಲ್ಲೇ ಬಗ್ಗಿ ಎತ್ತಿದ್ದರೆ ಇನ್ನೂ ಸರಿ. ಗಣಿ, ಕರೆಂಟ್ ಟವರ್, ಕುಸಿದ ಗೋಡೆ, ಅಂಥವನ್ನು ಅಳಿಸುವುದು ತಪ್ಪು, ಅವು ಆ ಜಾಗದ ಈಗಿನ ಸ್ಥಿತಿ. ಆಕಾಶ ಬದಲಿಸಿದರೆ ಕೆಳಗೆ ಹಾಗಂತ ಬರೆಯಿರಿ. ಬರೆಯೋಕೆ ಮುಜುಗರ ಆದರೆ ಬದಲಿಸಬೇಡಿ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಅಡ್ಡ ಫೋಟೋವನ್ನು ಉದ್ದ ಮಾಡಬೇಕಾಗಿ ಬಂದಾಗ ಗೀಜಾದ ಪಿರಮಿಡ್‌ಗಳನ್ನು ಕಂಪ್ಯೂಟರ್‌ನಲ್ಲಿ ಹತ್ತಿರ ಸರಿಸಿಬಿಟ್ಟಿತು. ಬಹಳ ಟೀಕೆ ಬಂತು. ಫೋಟೋದಲ್ಲಿ ಇದ್ದದ್ದೆಲ್ಲ ನಿಜವೇ, ಜಾಗ ಮಾತ್ರ ಸುಳ್ಳು.

ನಮ್ಮ ಊರಿನದೇ ದೊಡ್ಡ ಉದಾಹರಣೆ

ನಾಲ್ಕೂ ಪ್ರಶ್ನೆಗಳನ್ನು ಒಟ್ಟಿಗೆ ಪರೀಕ್ಷಿಸೋಕೆ ಹಂಪಿಯ ಅತ್ಯಂತ ಹಳೆಯ ಫೋಟೋಗಳೇ ಇವೆ. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದರು. ಇವತ್ತಿನ ಫೋನ್ ಕಣ್ಣಿನಿಂದ ನೋಡಿದರೆ ಅವು ದೋಷಗಳ ಪಟ್ಟಿ. ಆ ಕಾಲದ ಕಾಗದ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿತ್ತು, ಹಾಗಾಗಿ ಆಕಾಶ ಬರೀ ಬಿಳಿ, ಮೋಡದ ಸುಳಿವಿಲ್ಲ. ಎಕ್ಸ್‌ಪೋಷರ್‌ಗೆ ನಿಮಿಷಗಟ್ಟಲೆ ಬೇಕಿತ್ತು, ಓಡಾಡುವ ಜನ ದಾಖಲಾಗುವುದು ಕಷ್ಟ. ಬಣ್ಣವಂತೂ ಇಲ್ಲ.

ಆದರೆ ಆ ಚಿತ್ರಗಳಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! 2017ರಿಂದ ಚಲಾವಣೆಗೆ ಬಂದ 50 ರೂಪಾಯಿ ನೋಟಿನ ಹಿಂದೆ ನೋಡಿ, ಅಥವಾ ಹೋಗಿಯೇ ನೋಡಿ, ರಥದ ತಲೆ ಚಪ್ಪಟೆ. ಶಿಖರ ಈಗ ಇಲ್ಲ. ಅದು ಹೇಗಿತ್ತು ಅಂತ ನಮಗೆ ತೋರಿಸುವುದು ಆ ಬಿಳಿ ಆಕಾಶದ ಚಿತ್ರ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ಕ್ಯಾಮೆರಾ ಇಟ್ಟು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ 127 ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಅಂತ ಯಾರು ಬೇಕಾದರೂ ಎಣಿಸಬಹುದು.

ಗ್ರೀನ್‌ಲಾ ಚಿತ್ರವನ್ನು ಯಾರೋ ಇವತ್ತು ಆಪ್‌ಗೆ ಹಾಕಿ, ಮೋಡ ಅಂಟಿಸಿ, ಬಣ್ಣ ತುಂಬಿ, ರಥದ ಮೇಲಿನ ಒಡೆದ ಇಟ್ಟಿಗೆಯನ್ನು ನೀಟಾಗಿ ಮಾಡಿದರು ಅಂದುಕೊಳ್ಳಿ. ಚಿತ್ರ ಚೆನ್ನಾಗಿ ಕಾಣಬಹುದು, ಆದರೆ ಎಣಿಸೋಕೆ ಬರಲ್ಲ. ಇದು ಮೂರನೇ ಉತ್ತರ: ಹಾಗೇ ಇಟ್ಟುಕೋ.

ಒಟ್ಟು ಲೆಕ್ಕ

ಈಗ ನಾಲ್ಕು ಫೋಟೋಗಳಿಗೆ ತೀರ್ಪು ಕೊಡೋಣ.

ಒಂದು, ಮಾತಂಗದ ಸೂರ್ಯೋದಯ, ಜೆಪೆಗ್, ಆಕಾಶ ಪೂರ್ತಿ ಸುಟ್ಟಿದೆ. ವಿಷಯ ಇದೆ, ಮಾಹಿತಿ ಇಲ್ಲ, ಜಾಗ 13 ಕಿ.ಮೀ. ದೂರದಲ್ಲಿದೆ. ಮತ್ತೆ ಹೋಗಿ.

ಎರಡು, ಸಂಡೂರಿನ ಘಾಟಿ ರಸ್ತೆ, ಬಣ್ಣ ಸಪ್ಪೆ, 2 ಡಿಗ್ರಿ ಓರೆ. ವಿಷಯ ಇದೆ, ಮಾಹಿತಿ ಇದೆ, ಐದು ನಿಮಿಷದ ಕೆಲಸ. ತಿದ್ದಿ.

ಮೂರು, ಕಂಪ್ಲಿಯ ಗದ್ದೆಯಲ್ಲಿ ನಾಟಿ, ಮಬ್ಬು, ಹಿಂದಿನ ಮರಗಳು ಮಸುಕು. ನಾಟಿ ಮಾಡುವವರು ಸ್ಪಷ್ಟ ಇದ್ದರೆ ಸ್ವಲ್ಪ ಕಾಂಟ್ರಾಸ್ಟ್ ಕೊಟ್ಟು ನಿಲ್ಲಿಸಿ. ಅವರೇ ಮಸುಕಾಗಿದ್ದರೆ ಮುಂದಿನ ನಾಟಿಗೆ ಹೋಗಿ.

ನಾಲ್ಕು, 2024ರ ಆಗಸ್ಟ್‌ನಲ್ಲಿ ದೂರದಿಂದ ತೆಗೆದ ಟಿ.ಬಿ. ಡ್ಯಾಂ, 19ನೇ ಗೇಟಿನ ನೀರು ಬಿಳಿಯಾಗಿ ಸುಟ್ಟಿದೆ, ಸ್ವಲ್ಪ ಅಲುಗಾಡಿದೆ. ಮುಟ್ಟಬೇಡಿ. ಮೂಲ ಫೈಲನ್ನು ತಾರೀಖಿನ ಸಮೇತ ಎರಡು ಕಡೆ ಉಳಿಸಿ. ತಿದ್ದುವುದಿದ್ದರೆ ಪ್ರತಿಯ ಮೇಲೆ ಮಾತ್ರ.

ಕೊನೆಗೆ ಒಂದು ಸಣ್ಣ ನಿಯಮ: ತಿದ್ದೋಕೆ ಕೂರುವಾಗ ಫೋನಿನಲ್ಲಿ 10 ನಿಮಿಷದ ಟೈಮರ್ ಹಾಕಿ. ಅಷ್ಟರಲ್ಲಿ ಫೋಟೋ ಮೂಲಕ್ಕಿಂತ ಸ್ಪಷ್ಟವಾಗಿ ಚೆನ್ನಾಗಿ ಕಾಣದಿದ್ದರೆ ನಿಮ್ಮ ತೀರ್ಮಾನ ತಪ್ಪಿತ್ತು ಅಂತ ಅರ್ಥ, ಮೊದಲ ಪ್ರಶ್ನೆಗೆ ವಾಪಸ್ ಹೋಗಿ. ಮತ್ತೆ ತೆಗೆಯಲಾಗದ ಫೋಟೋಗಳಿಗೆ ಮಾತ್ರ ಈ ನಿಯಮ ಇಲ್ಲ.

ಮಾಡಿ ನೋಡಿ

ನಿಮ್ಮ ಗ್ಯಾಲರಿಯಿಂದ ಹಂಪಿ, ಸಂಡೂರು, ಕಂಪ್ಲಿಯ 20 ದೋಷದ ಫೋಟೋ ಆರಿಸಿ. "ತಿದ್ದು", "ಮತ್ತೆ ಹೋಗು", "ಹಾಗೇ ಇರಲಿ" ಅಂತ ಮೂರು ಫೋಲ್ಡರ್ ಮಾಡಿ ಹಂಚಿ. ಪ್ರತಿಯೊಂದಕ್ಕೂ ಕಾರಣ ಒಂದೇ ವಾಕ್ಯದಲ್ಲಿ, ಕನ್ನಡದಲ್ಲಿ ಬರೆಯಿರಿ. ವಾಕ್ಯ ಬರೆಯೋಕೆ ಆಗದ ಫೋಟೋ ಇದ್ದರೆ ಅದರ ತೀರ್ಮಾನ ಇನ್ನೂ ಆಗಿಲ್ಲ ಅಂತ. ನನ್ನ ಅಂದಾಜು, "ತಿದ್ದು" ಫೋಲ್ಡರ್ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿರುತ್ತದೆ. "ಮತ್ತೆ ಹೋಗು" ಫೋಲ್ಡರ್ ದೊಡ್ಡದಾಗಿದ್ದರೆ ಬೇಜಾರು ಬೇಡ, ಸೆಮಿಸ್ಟರ್ ರಜೆಯ ಭಾನುವಾರಗಳಿಗೆ ಪ್ಲಾನ್ ಸಿಕ್ಕಿತು. "ಹಾಗೇ ಇರಲಿ" ಫೋಲ್ಡರ್‌ಗೆ ಮಾತ್ರ ಇವತ್ತೇ ಬ್ಯಾಕಪ್ ತೆಗೆದಿಡಿ.